ಮಾಳಪ್ಪ ಆಡದ ಫೈನಲ್

ಇವತ್ತು ಸಂಜೆ ನಮ್ಮ ಗಲ್ಲಿಯಲ್ಲಿ ಕಾಲೇಜು ಹುಡುಗರ ಮೆರವಣಿಗೆ ಹೋಯಿತು. ಯಾವುದೋ ಫುಟ್‌ಬಾಲ್ ಪಂದ್ಯ ಗೆದ್ದಿದ್ದರಂತೆ. ಟ್ರ್ಯಾಕ್ಟರಿನ ಮೇಲೆ ನಿಂತು ಗುಲಾಲು ಎರಚುತ್ತ, ಹಲಗಿ ಬಡಿಯುತ್ತ, ಸರಪಟಾಕಿ ಹಚ್ಚುತ್ತ, ಇಡೀ ಇಚಲಕರಂಜಿಗೆ ತಾವೇ ಮಾಲೀಕರು ಅನ್ನುವ ಗತ್ತಿನಲ್ಲಿ ಹೊರಟಿದ್ದರು. ಸೊಸೆ ಕೆಮ್ಮುತ್ತ ಕಿಟಕಿ ಮುಚ್ಚಲು ಬಂದಳು.

"ಇರಲಿ ಬಿಡವಾ" ಅಂದೆ.

"ಹೊಗಿ ಒಳಗ ಬರಾಕತ್ತೈತ್ರಿ ಅತ್ತಿ!"

"ಬರಲಿ."

ಅವಳು ಒಂದು ಸಲ ನನ್ನ ಮುಖ ನೋಡಿ ಅಡಿಗೆ ಮನೆಗೆ ಹೋದಳು. ಮುದುಕಿಗೆ ಅರಳುಮರಳು ಶುರುವಾಯಿತು ಅಂದುಕೊಂಡಿರಬೇಕು, ಅನ್ನಲಿ. ಸುಟ್ಟ ಮದ್ದಿನ ವಾಸನೆ ಬಂದರೆ ಮಂದಿಗೆ ದೀಪಾವಳಿ ನೆನಪಾಗುತ್ತದೆ. ನನಗೆ ತವರುಮನೆಯ ಬಂದೂಕು ನೆನಪಾಗುತ್ತದೆ, ಅದರ ಬೆನ್ನಿಗೇ ನನ್ನ ತಮ್ಮ ಮಾಳಪ್ಪ.

ಬಂದೂಕು ಅಂದ ಕೂಡಲೇ ನಮ್ಮದು ದೊಡ್ಡ ಜಹಾಗೀರದಾರರ ಮನೆತನ ಅಂದುಕೊಳ್ಳಬೇಡಿ ಮತ್ತೆ. ನಾವು ಕುರಿ ಸಾಕುವ ಮಂದಿ. ಗಡಹಿಂಗ್ಲಜದ ಹತ್ತಿರ ಒಂದು ಹಳ್ಳಿ. ಕುರಿಗೆ ತೋಳದ ಕಾಟ ಅಂತ ಸರಕಾರ ಅಪ್ಪನಿಗೆ ಒಂದು ಬಂದೂಕಿನ ಪರವಾನಗಿ ಕೊಟ್ಟಿತ್ತು. ಹಳೆಯ ಕಾಲದ್ದು. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಚಿಂದಿ ತುರುಕಿ, ಕಬ್ಬಿಣದ ಗಜದಿಂದ ಗುದ್ದಿ, ಮೇಲೆ ಸೀಸದ ಸಣ್ಣ ಗುಂಡು ಹಾಕಿ ಹೊಡೆಯಬೇಕು. ಒಮ್ಮೆ ತುಂಬಿದರೆ ಬಿಚ್ಚುವುದು ದೊಡ್ಡ ತಾಪತ್ರಯ. ಹೀಗಾಗಿ ಅದು ಸದಾ ತುಂಬಿಕೊಂಡೇ ಬಾಗಿಲ ಮೂಲೆಯಲ್ಲಿ ಕಸಬರಿಗೆಯ ಪಕ್ಕ ನಿಂತಿರುತ್ತಿತ್ತು. ಅವ್ವ ಕಸ ಹೊಡೆಯುವಾಗ ಅದನ್ನು ಈ ಮೂಲೆಯಿಂದ ಆ ಮೂಲೆಗೆ ಸರಿಸುತ್ತಿದ್ದಳು. ಈಗ ನೆನೆದರೆ ಮೈ ಝುಂ ಅನ್ನುತ್ತದೆ. ಆಗ ಯಾರಿಗೂ ಏನೂ ಅನಿಸುತ್ತಿರಲಿಲ್ಲ.

ತೋಳಕ್ಕಿಂತ ಹೆಚ್ಚಾಗಿ ಅದು ಕೆಲಸಕ್ಕೆ ಬಂದದ್ದು ಸಂತೋಷಕ್ಕೆ. ಮದುವೆಯಾದರೆ ಒಂದು ಬಾರು, ಗಂಡು ಹುಟ್ಟಿದರೆ ಒಂದು ಬಾರು, ಯಾರಾದರೂ ಕುಸ್ತಿ ಗೆದ್ದು ಬಂದರೆ ಎರಡು. ಒಮ್ಮೆ ಎಮ್ಮೆ ಈದದ್ದಕ್ಕೂ ಹಾರಿಸಿದ್ದರು, ಎಮ್ಮೆ ಬೆದರಿ ಆ ಹೊತ್ತು ಹಾಲೇ ಕೊಡಲಿಲ್ಲ. ಒಳಗಿದ್ದ ಗುಂಡನ್ನು ಅಪ್ಪ ಮೊದಲು ಹೊಲದ ಕಡೆ ಹಾರಿಸಿ ಖಾಲಿ ಮಾಡಿಕೊಡುತ್ತಿದ್ದ; ಸಂತೋಷದ ಬಾರಿಗೆ ಗುಂಡು ಹಾಕುತ್ತಿರಲಿಲ್ಲ, ಬರೀ ಮದ್ದು. ಅದನ್ನು ತುಂಬುವ ಕೆಲಸ ಮಕ್ಕಳದು. ಫ್ರಾಕಿನಲ್ಲಿ ಮದ್ದು ಕಟ್ಟಿಕೊಂಡು ಓಡಾಡಿದವಳು ನಾನು. ನಮ್ಮೂರಲ್ಲಿ ನನ್ನಷ್ಟು ಬಿಗಿಯಾಗಿ ಗಜ ಗುದ್ದುವವರಿಲ್ಲ ಅಂತ ಜಂಬ ಬೇರೆ ಇತ್ತು.

ಮಾಳಪ್ಪ ನನಗಿಂತ ಚಿಕ್ಕವನು, ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಜೀವ. ಗಡಹಿಂಗ್ಲಜದಲ್ಲಿ ಫುಟ್‌ಬಾಲ್ ಹುಚ್ಚು ಎಷ್ಟಿತ್ತೆಂದರೆ, ಚೆಂಡು ಒದೆಯಲು ಬಂದವನಿಗೆ ಬೇರೆ ಯಾವ ವಿದ್ಯೆಯೂ ಬೇಕಾಗಿರಲಿಲ್ಲ. ಕುರಿ ಅಟ್ಟಿ ಬೆಳೆದ ಕಾಲು ಅವನದು, ಯಾರ ಕೈಗೂ ಸಿಗುತ್ತಿರಲಿಲ್ಲ. ಆಟಗಾರರು ಕಾಲೇಜಿಗೆ ಮನೆ ಅಳಿಯಂದಿರು. ತರಗತಿಗೆ ಹೋಗದಿದ್ದರೂ ಹಾಜರಿ, ಗಣಿತದ ಸರ್ ಸೈಕಲ್ಲಿನ ಗಾಳಿ ಬಿಟ್ಟರೂ ಮಾಫಿ. "ನೀವು ಆಡ್ರಿ, ಉಳದದ್ದು ನಾ ನೋಡ್ಕೋತೀನಿ" ಅನ್ನುತ್ತಿದ್ದರಂತೆ ಆಟದ ಮಾಸ್ತರರು. ಮಾಳಪ್ಪ ರಜೆಗೆ ಬಂದಾಗ ಇದನ್ನೆಲ್ಲ ಹೇಳಿ ಹೇಳಿ ನಗುತ್ತಿದ್ದ, ನಾವೂ ನಗುತ್ತಿದ್ದೆವು.

ಅವನ ಜೀವದ ಗೆಳೆಯ ಯಶವಂತ, ಆ ತಂಡದ ಗೋಲ್‌ಕೀಪರ್. ಇಚಲಕರಂಜಿಯ ಹುಡುಗ, ತಂದೆ ಮಗ್ಗದ ಕೆಲಸದವರು. ಅವರ ಮನೆಯಲ್ಲೂ ನಮ್ಮ ಹಾಗೆಯೇ ಅರ್ಧ ಕನ್ನಡ, ಅರ್ಧ ಮರಾಠಿ. ಎತ್ತರದ ಹುಡುಗ, ಅಗಲವಾದ ಅಂಗೈ. ನಮ್ಮ ಮನೆಗೆ ಬಂದರೆ ಅವ್ವನ ಕೈಯಿಂದ ಬಿಸಿ ರೊಟ್ಟಿಯನ್ನು ಗಾಳಿಯಲ್ಲೇ ಹಿಡಿಯುತ್ತಿದ್ದ.

ಆ ವರ್ಷ ತಂಡ ಸೆಮಿಫೈನಲ್ ಗೆದ್ದಿತು. ಮರುದಿನ ಹುಡುಗರೆಲ್ಲ ನಮ್ಮ ಮನೆಗೆ ಮಟನ್ ಊಟಕ್ಕೆ ಬಂದರು. ಅಪ್ಪ ಕುರಿ ಹೊಡೆದುಕೊಂಡು ಚಂದಗಡದ ಕಡೆ ಹೋಗಿದ್ದ. ಊಟವಾಗುತ್ತಲೇ ಅಂಗಳದಲ್ಲಿ ಹಲಗಿ ಶುರುವಾಯಿತು, ಹುಡುಗರು ಕುಣಿಯತೊಡಗಿದರು. "ಮಾಳ್ಯಾ, ಒಂದ ಬಾರ ಆಗಲಿ!" ಅಂತ ಯಾರೋ ಕೂಗಿದರು. ಮಾಳಪ್ಪ ಮೂಲೆಯ ಬಂದೂಕು ತಂದ. ಅಪ್ಪ ಊರು ಬಿಡುವಾಗ ಅದನ್ನು ಹಾರಿಸಿ ಖಾಲಿ ಮಾಡಿಯೇ ಹೋಗುತ್ತಿದ್ದ, ಈ ಸಲವೂ ಹಾಗೇ ಖಾಲಿ ಎಂದು ಅವನ ಲೆಕ್ಕ. ಮದ್ದು ಸುರಿದ, ಗಜ ಗುದ್ದಿದ. ಕೆಳಗೆ ಅಪ್ಪ ತೋಳಕ್ಕೆಂದು ತುಂಬಿಟ್ಟ ಮದ್ದು, ಗುಂಡು ಹಾಗೇ ಇದ್ದವು. ಗಜ ಒಳಗೆ ಎಷ್ಟು ಇಳಿಯಿತು ಎಂದು ನೋಡಿದ್ದರೆ ತಿಳಿಯುತ್ತಿತ್ತು. ಆ ಗದ್ದಲದಲ್ಲಿ ಯಾರು ನೋಡುತ್ತಾರೆ? ಆಕಾಶಕ್ಕೇ ಎತ್ತಿದ್ದ, ನಿಜ. ಕುಣಿಯುವವನೊಬ್ಬ ಹೆಗಲಿಗೆ ಡಿಕ್ಕಿ ಹೊಡೆದ. ಬಂದೂಕು ಹಾರಿತು, ಮಾಳಪ್ಪ ಹಿಂದಕ್ಕೆ ಬಿದ್ದ. ಹೊಗೆ ಸರಿದಾಗ ಯಶವಂತ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ಅವನು ಕೂಗಲಿಲ್ಲ. ಕೂಗಿದವಳು ಅವ್ವ.

ಎತ್ತಿನ ಗಾಡಿಯಲ್ಲಿ ಗಡಹಿಂಗ್ಲಜದ ದವಾಖಾನೆಗೆ ಒಯ್ದರು. ಡಾಕ್ಟರರು ಅಂಗೈಯಿಂದ ಸೀಸದ ಗುಂಡು ಹೆಕ್ಕಿ ತೆಗೆದು ತಟ್ಟೆಗೆ ಹಾಕಿದರು, ಹೆಚ್ಚು ಕೇಳಲಿಲ್ಲ. ಫುಟ್‌ಬಾಲ್ ಹುಚ್ಚು ಅವರಿಗೂ ಇತ್ತು.

ಮರುದಿನ ಆಟದ ಮಾಸ್ತರರು ನಮ್ಮ ಕಟ್ಟೆಯ ಮೇಲೆ ಕಂಬಳಿ ಹಾಸಿಸಿಕೊಂಡು ಕೂತರು. ನಾನು ಚಹಾ ಕೊಟ್ಟು ಬಾಗಿಲ ಹಿಂದೆ ನಿಂತೆ.

"ಬಾಯಿ, ಕಾಳಜಿ ಕರೂ ನಕಾ" ಅಂದರು ಅವ್ವನಿಗೆ, ಚಿಂತೆ ಮಾಡಬೇಡಿ ಅಂತ, ಮೊದಲು ಮರಾಠಿಯಲ್ಲಿ. ಆಮೇಲೆ ಕನ್ನಡಕ್ಕೆ ಇಳಿದರು. "ಪಟಾಕಿ ಕೈಯಾಗ ಒಡೀತು ಅಂತ ಕಾಲೇಜಿನಾಗ ಹೇಳೇವಿ. ಯಶವಂತನೂ ಹೂಂ ಅಂದಾನ. ಐತವಾರ ಕೊಲ್ಹಾಪುರದಾಗ ಫೈನಲ್ ಐತಿ. ಮಾಳಪ್ಪ ಇಲ್ದ ಮೈದಾನಕ್ಕ ಇಳಿಯೂದು ಹ್ಯಾಂಗ್ರಿ?"

ಅವ್ವ ಕೇಳಿದಳು, "ಯಾರ ಕೈಯಾಗ ಒಡೀತು ಅಂತ ಹೇಳೀರಿ?"

"ಅವನ ಕೈಯಾಗ."

"ಅಂದ್ರ ತಪ್ಪು ಆ ಹುಡುಗಂದ ಆತು."

"ಆಟಗಾರ ಹುಡುಗೂರ್ರಿ ಅವ್ವಾರ. ಹುಡುಗಾಟ ಇದ್ದದ್ದ. ಬಂದೂಕಿನ ಹೆಸರು ತಗದ್ರ ನಿಮ್ಮ ಮನೀಗೂ ತ್ರಾಸು."

ಮಾಳಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಹಿಂದಿನ ದಿನದಿಂದ ಒಂದು ತುತ್ತು ತಿಂದಿರಲಿಲ್ಲ. ಅವ್ವ ಅವನ ಕಡೆ ತಿರುಗಿದಳು. "ನಾ ಏನೂ ಹೇಳೂದಿಲ್ಲಪಾ. ಮೀಸಿ ಬಂದಾವ ನಿನಗ."

ಅವನು ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ. "ನಡೀರಿ ಸರ್. ಪ್ರಿನ್ಸಿಪಾಲರ ಹಂತೇಕ ಹೋಗೂನು."

"ಅಲ್ಲಿ ಏನ್ ಹೇಳಾಂವ ನೀ?"

"ಆದದ್ದು ಹೇಳ್ತೀನಿ."

"ಹುಚ್ಚ ಹಿಡದೈತೇನೋ ನಿನಗ!" ಮಾಸ್ತರರ ಅಂಗಿಯ ಮೇಲೆ ಚಹಾ ಚೆಲ್ಲಿತು. "ಕಪ್ ಹೋಗ್ತೈತಿ! ಊರ ಮಂದಿ ನಿನ್ನ ಮಾರಿ ನೋಡೂದಿಲ್ಲ!"

"ಹೌದ್ರಿ" ಅಂದ ಮಾಳಪ್ಪ, ಬಸ್ಸಿನ ಹಾದಿ ಹಿಡಿದ. ಮಾಸ್ತರರು ಹಿಂದೆ ಬೈಯುತ್ತ ಬೈಯುತ್ತ ಹೋದರು.

ಪ್ರಿನ್ಸಿಪಾಲರು ಅವನನ್ನು ತಂಡದಿಂದ ತೆಗೆದರು. ಪೊಲೀಸ್ ಫೌಜದಾರರು ಬಂದು ಬಂದೂಕು ಒಯ್ದರು. ಐತವಾರ ಮಾಳಪ್ಪ ಕೊಲ್ಹಾಪುರಕ್ಕೆ ಹೋದ, ಆದರೆ ಯಶವಂತನ ಪಕ್ಕದಲ್ಲಿ, ಮಂದಿಯ ನಡುವೆ ಕೂರುವುದಕ್ಕೆ. ಒಬ್ಬನ ಕೈಗೆ ಪಟ್ಟಿ, ಇನ್ನೊಬ್ಬನ ಕಾಲಿಗೆ ಬೂಟಿಲ್ಲ. ನಮ್ಮವರು ಹೀನಾಯವಾಗಿ ಸೋತರು. ಯಶವಂತ ಅಲ್ಲಿಂದಲೇ ಇಚಲಕರಂಜಿಗೆ ಹೋದ. ಬರುವಾಗ ಎಸ್‌ಟಿ ಬಸ್ಸಿನಲ್ಲಿ ಯಾರೂ ಇವನ ಪಕ್ಕ ಕೂರಲಿಲ್ಲವಂತೆ. ಖಾನಾವಳಿಯವನು ಅದುವರೆಗೆ ಬಾ ರಾಜಾ ಅನ್ನುತ್ತಿದ್ದವನು, ಅಂದಿನಿಂದ ಮಾತಿಲ್ಲದೆ ತಾಟು ಕುಕ್ಕತೊಡಗಿದ. ಆ ವರ್ಷ ಪೂರ್ತಿ ನನ್ನ ತಮ್ಮ ತರಗತಿಯಲ್ಲಿ ಕೂತ. ಬೇರೆ ಎಲ್ಲಿ ಹೋದಾನು?

ಅದರ ಮೊದಲು ಇನ್ನೊಂದು ಕೆಲಸ ಬಾಕಿ ಇತ್ತು. ಫೈನಲ್ ಮುಗಿದ ಬೆನ್ನಿಗೇ ಅವ್ವ, ನಾನು, ಮಾಳಪ್ಪ ಇಚಲಕರಂಜಿಗೆ ಬಂದೆವು. ಈ ಊರನ್ನು ನಾನು ಕಂಡದ್ದು ಅವತ್ತೇ ಮೊದಲು. ಗಲ್ಲಿಯ ತುಂಬ ಮಗ್ಗದ ಸದ್ದು. ಯಶವಂತನ ಮನೆ ಒಂದೇ ಖೋಲಿ. ಗೋಡೆಯ ಮೇಲೆ ಬುದ್ಧನ ಹೊಸ ಪಟ, ಅದಕ್ಕೆ ಚೆಂಡು ಹೂವಿನ ಮಾಲೆ. ಅವನ ತಾಯಿ ಸೋನವ್ವ ನಮ್ಮನ್ನು ಕೂರಿಸಿ ನೀರು ಕೊಟ್ಟು, ಮಗನ ಮೇಲೇ ಹರಿಹಾಯ್ದಳು.

"ನೋಡ್ರಿ ಅಕ್ಕಾ, ಕಾಲೇಜ ಕಲಿ ಅಂತ ಕಳಸಿದ್ರ ಕೈಯಾಗ ಪಟಾಕಿ ಹಿಡದಾನ. ಬುದ್ಧಿ ಐತೇನ ಇವಗ?"

ಮನೆಯಲ್ಲೂ ಪಟಾಕಿಯೆಂದೇ ಹೇಳಿದ್ದ ಯಶವಂತ ತಲೆ ತಗ್ಗಿಸಿ ಕೂತಿದ್ದ. ಗೆಳೆಯನಿಗೋಸ್ಕರ ತಾಯಿಯ ಬೈಗುಳ ನುಂಗುತ್ತಿದ್ದ.

"ಪಟಾಕಿ ಅಲ್ರಿ ಅವ್ವಾರ" ಅಂದ ಮಾಳಪ್ಪ. "ಬಂದೂಕು. ನಾ ಹೊಡದದ್ದು. ತುಂಬೈತೋ ಖಾಲಿ ಐತೋ ನೋಡಲಿಲ್ಲ."

ಸೋನವ್ವ ಮಗನ ಪಟ್ಟಿ ಕಟ್ಟಿದ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಅವ್ವ ಸೆರಗಿನ ತುದಿ ಹಿಡಿದು ಕಾಯುತ್ತಿದ್ದಳು. ಮಗನ ಪರವಾಗಿ ಒಂದು ಮಾತು ಆಡಲಿಲ್ಲ ನನ್ನವ್ವ, ಅದಕ್ಕೇ ಅವಳೆಂದರೆ ನನಗೆ ಅಷ್ಟು ಹೆಮ್ಮೆ.

"ನಾ ಈಗ ನಿನಗ ಏನೂ ಅನ್ನೂದಿಲ್ಲ" ಅಂದಳು ಸೋನವ್ವ ಕೊನೆಗೆ. "ಸಿಟ್ಟ ಭಾಳ ಐತಿ. ಬಾಯಿ ಬಿಟ್ರ ಕೆಟ್ಟ ಮಾತ ಬರ್ತಾವ. ಕೈ ಮಾಯಲಿ. ಮಾಯದಿದ್ರ ಮತ್ತ ಬಾ. ಆವಾಗ ಅಂತೀನಿ."

ಕೈ ಮಾಯಿತು, ಆದರೆ ಎರಡು ಬೆರಳು ಮಡಚಲೇ ಇಲ್ಲ. ಯಶವಂತ ಮತ್ತೆ ಗೋಲಿನಲ್ಲಿ ನಿಲ್ಲಲಿಲ್ಲ. ಕಾಲೇಜು ಮುಗಿಸಿ ಇದೇ ಊರಲ್ಲಿ ಸಾಲೀ ಮಾಸ್ತರನಾದ, ಎಡಗೈಯಲ್ಲಿ ಬರೆಯುವುದು ಕಲಿತ. ಮಾಳಪ್ಪ ಮತ್ತೆ ಸೋನವ್ವನ ಎದುರು ಹೋಗಿ ನಿಂತ. ಪ್ರತಿ ರಜೆಯಲ್ಲೂ ಹೋದ. ಒಂದು ಸಲ ತಾನೇ ಕೇಳಿದನಂತೆ, "ಇನ್ನರೆ ಅನ್ರಿ ಅವ್ವಾರ." ಅವಳು ತಾಟು ಇಟ್ಟು, "ಉಣ್ಣು ಮೊದಲ" ಅಂದಳಂತೆ.

ಮುಂದೆ ಬಂದೂಕು ತಿರುಗಿ ಮನೆಗೆ ಬಂತು, ಆದರೆ ಮೂಲೆಗೆ ಬರಲಿಲ್ಲ. ಅಪ್ಪ ಅದನ್ನು ಖಾಲಿ ಮಾಡಿ ಪೆಟಾರಿಯಲ್ಲಿಟ್ಟು ಬೀಗ ಹಾಕಿದ, ಮದ್ದು ಬೇರೆ ಕಡೆ. ಬೀಗದ ಕೈ ಅವ್ವನ ನಡುವಿಗೆ. ಸಂತೋಷಕ್ಕೆ ಬಾರು ಹಾರಿಸುವುದು ಬಂದ್. ಮೊದಲ ಬಲಿ ನಾನೇ, ಅಂದರೆ ನನ್ನ ಮದುವೆ. ಇಚಲಕರಂಜಿಯಿಂದ ಬಂದ ಬೀಗರಿಗೆ ಒಂದು ಬಾರಾದರೂ ಕೇಳಿಸಬೇಡವೇ? ನಾನು ಮುಖ ಊದಿಸಿಕೊಂಡು ಕೂತೆ. ಸೋದರಮಾವ ಎಲ್ಲರ ಎದುರಿಗೆ ರೇಗಿದ: "ಇದೇನ ಲಗ್ನವೋ, ಸತ್ತವರ ತೇರವಿ ಊಟವೋ?" ಅವ್ವ ನಗುತ್ತಲೇ ಉತ್ತರ ಕೊಟ್ಟಳು: "ಹಲಗಿ ಐತಲ್ಲೋ ಯಣ್ಣಾ, ಹರಿಯೂತನ ಬಡಿ." ಊರು ಒಂದೆರಡು ವರ್ಷ ನಮ್ಮನ್ನು ಆಡಿಕೊಂಡಿತು. ಆಮೇಲೆ ನೋಡಿದರೆ ಪಕ್ಕದ ಮನೆಯವರೂ ಬಂದೂಕಿಗೆ ಬೀಗ ಹಾಕಿದ್ದರು. ನನ್ನ ಮಕ್ಕಳು ಅಜ್ಜನ ಮನೆಗೆ ಹೋದರೆ ಬಂದೂಕು ಇದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಇಷ್ಟು ಬರೆದು ಮಾಳಪ್ಪನಿಗೆ ಫೋನು ಮಾಡಿದೆ. ಗಡಹಿಂಗ್ಲಜದಲ್ಲೇ ಇದ್ದಾನೆ. ಮೊಣಕಾಲು ಹಿಡಿದುಕೊಂಡು ಬಂದು ಫೋನು ಎತ್ತಿದ.

"ನಿನ್ನ ಬಗ್ಗೆ ಬರ್ಯಾಕತ್ತೇನಿ" ಅಂದೆ.

"ಆ ಫೈನಲ್ ಬರಿಬ್ಯಾಡ ಅಕ್ಕಾ. ಸೋತೇವಿ."

"ಸೋತದ್ದು ಅವರು. ನೀ ಎಲ್ಲಿ ಆಡಿದ್ದಿ?"

ಅವನು ನಕ್ಕ. ನಮ್ಮ ಮನೆಯಲ್ಲಿ ಎದುರಿಗೆ ಹೊಗಳುವ ರೂಢಿಯೇ ಇಲ್ಲ. ಅವ್ವ ಸಾಯುವ ತನಕ ಅವನಿಗೆ ಒಂದು ಮಾತು ಹೇಳಲಿಲ್ಲ, ನಾನೂ ಹೇಳಿರಲಿಲ್ಲ. ಇನ್ನು ಯಾವಾಗ ಹೇಳುವುದು ಅಂತ ಗಟ್ಟಿ ಮನಸ್ಸು ಮಾಡಿದೆ.

"ಮಾಳೂ, ಅವತ್ತ ನೀ ಅಂಗಿ ಹಾಕ್ಕೊಂಡು ಬಸ್ಸಿಗೆ ನಡದ್ಯಲ್ಲ, ಅದನ್ನ ನೆನಸಿದ್ರ ನನಗ ಇವತ್ತಿಗೂ ಭಾಳ ಅಭಿಮಾನ. ನಿನ್ನಂಥ ತಮ್ಮ ಯಾರಿಗೂ ಇಲ್ಲ."

 

"ಅಕ್ಕಾ" ಅಂದ ಗಾಬರಿಯಿಂದ, "ಆರಾಮ ಅದಿಯಿಲ್ಲೋ? ಡಾಕ್ಟರಿಗೆ ತೋರಿಸೀಯೇನು?"

"ಗಟ್ಟಿ ಅದೀನಿ ಹೋಗೋ, ಮುದುಕಾ!"

ಮೂಗು ಏರಿಸಿಕೊಂಡದ್ದು ನನಗೆ ಕೇಳಿಸಿತು.

"ಹಂಗಾದ್ರ ಇನ್ನೊಮ್ಮಿ ಅನ್ನು. ಸರಿ ಕೇಳಸಲಿಲ್ಲ."

ನಾನು ಇನ್ನೊಮ್ಮೆ ಹೇಳಿದೆ, ಅಡಿಗೆ ಮನೆಯ ಸೊಸೆಗೂ ಕೇಳುವಷ್ಟು ಜೋರಾಗಿ.