ಬೆನ್ನು ತಿರುಗಿಸಿದ ಗಿಳಿಗಳು

ಮಗಳ ಮದುವೆಯ ರವಿಕೆಯ ಬೆನ್ನ ಮೇಲೆ ಆ ಎರಡು ಗಿಳಿಗಳೇ ಬರಬೇಕೆಂದು ನನ್ನ ಹೆಂಡತಿ ಹಟ ಹಿಡಿದಳು. ಸಿಡ್ನಿಯ ಗಿರಾವೀನ್‌ನಲ್ಲಿ ಬಾಡಿಗೆಗಿದ್ದಾಗ, ಕಸೂತಿ ಯಂತ್ರಕ್ಕಾಗಿ ಅವಳೇ ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರ ಅದು. ಅದನ್ನು ಹಾಕಿದ್ದ ಅವಳ ರವಿಕೆ ಮುಂದೆಂದೋ ಮನೆ ಬದಲಾಯಿಸುವಾಗ ಕಳೆದುಹೋಯಿತು, ಯಂತ್ರ ಕೆಟ್ಟಿತು, ಉಳಿದದ್ದು ಒಂದು ಫೈಲ್. ಮೆಲ್ಬರ್ನ್‌ನ ಕ್ರಾನ್‌ಬರ್ನ್‌ನಲ್ಲಿರುವ ಈಗಿನ ನಮ್ಮ ಮನೆಯ ಹೊಸ ಯಂತ್ರ ಅದನ್ನು ಮೂಸಿಯೂ ನೋಡಲಿಲ್ಲ.

“ಜೀವನ ಪೂರ್ತಿ ಕೋಡ್ ಬರೀತೀರಲ್ಲ, ಇದೊಂದು ಓದಿ ಕೊಡಿ,” ಎಂದಳು.

ಫೈಲಿನೊಳಗೆ ಬರೀ ಬೈಟುಗಳು: ಸೂಜಿ ಎಷ್ಟು ಪಕ್ಕಕ್ಕೆ ಹೋಗಬೇಕು, ಎಷ್ಟು ಮೇಲಕ್ಕೆ ಎಂಬ ಜೋಡಿ ಸಂಖ್ಯೆಗಳು. ಪೈಥಾನ್‌ನಲ್ಲಿ ಪುಟ್ಟ ಪುಟ್ಟ ಫಂಕ್ಷನ್ ಬರೆಯಲು ಕೂತೆ. ಒಂದು ಬೈಟ್ ಓದುವುದಕ್ಕೆ ಒಂದು, ಸೂಜಿ ಹಿಂದಕ್ಕೋ ಮುಂದಕ್ಕೋ ಎಂದು ತಿಳಿಯುವುದಕ್ಕೆ ಇನ್ನೊಂದು, ಫೈಲಿನಲ್ಲಿ ಎಲ್ಲಿದ್ದೇವೆಂದು ನೆನಪಿಡುವುದಕ್ಕೆ ಮತ್ತೊಂದು. ಇಂಥ ಕೆಲಸ ಸಿಕ್ಕರೆ ನನಗೆ ಊಟವೂ ಬೇಡ. ಫಂಕ್ಷನ್‌ಗಳ ಹೆಸರು ತಿದ್ದುವುದರಲ್ಲೇ ಭಾನುವಾರ ಕಳೆಯಿತು.

“ಅರಮನೆ ಆಮೇಲೆ ಕಟ್ಟಿ, ಮೊದ್ಲು ಗಿಳಿ ತೋರ್ಸಿ,” ಎಂದು ಕಾಫಿ ಕುಕ್ಕಿ ಹೋದಳು.

ಕೊನೆಗೆ ತೆರೆಯ ಮೇಲೆ ಗಿಳಿಗಳು ಮೂಡಿದವು. ಆದರೆ ಎದುರುಬದುರು ಕೂರಬೇಕಾದವು ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದವು. ಹಿಂದುಮುಂದು ತಿಳಿಯುವ ಫಂಕ್ಷನ್ನೇ ಕೈಕೊಟ್ಟಿದೆ ಎಂದುಕೊಂಡೆ. ಅದನ್ನು ಕೆದಕಿದಷ್ಟೂ ಸುತ್ತಲಿನ ಬಳ್ಳಿ ಚಿಂದಿಯಾಯಿತು. ರೇಗಿಹೋಗಿ, ಗಿಳಿಗಳನ್ನಷ್ಟೇ ತಿರುಗಿಸುವ ಒಂದು ಸಾಲು ತುರುಕಿ ಅವಳನ್ನು ಕರೆದೆ.

“ಇದು ನಂದಲ್ಲ,” ಎಂದಳು.

“ಬಗ್ ಇತ್ತು, ಫಿಕ್ಸ್ ಮಾಡ್ದೆ.”

“ಬಗ್ ಅಲ್ಲ ರೀ. ಮೆಲ್ಬರ್ನ್‌ಗೆ ಮೂವ್ ಆಗೋದಾ ಬೇಡ್ವಾ ಅಂತ ಜಗಳ ಆಡಿ ಮಾತು ಬಿಟ್ಟಿದ್ವಲ್ಲ, ಆ ವಾರ ಬಿಡಿಸಿದ್ದು. ಬೇಕಂತಲೇ ಹಂಗೆ ಕೂರ್ಸಿದ್ದೆ.”

ನನಗೆ ನಗು ಬಂತು. ಆ ರವಿಕೆಯನ್ನು ಎಷ್ಟೋ ಸಲ ಹೊಗಳಿದವನು ನಾನು, ಗಿಳಿಗಳು ಎತ್ತ ನೋಡುತ್ತಿವೆ ಎಂದು ನೋಡಿದವನಲ್ಲ. ತುರುಕಿದ ಸಾಲನ್ನು ಅಳಿಸಿದೆ. ಓದುವ ಕೋಡ್ ಇದ್ದದ್ದನ್ನು ಇದ್ದ ಹಾಗೆ ಓದಿದರೆ ಸಾಕು.

ಮದುವೆ ಸಿಡ್ನಿಯಲ್ಲಾಯಿತು. ಮಗಳು ರವಿಕೆ ತೊಟ್ಟು, ಕನ್ನಡಿಗೆ ಬೆನ್ನು ಮಾಡಿ ಕತ್ತು ತಿರುಗಿಸಿ ನೋಡಿಕೊಂಡಳು. “ಅಮ್ಮಾ, ವೈ ಆರ್ ದೀಸ್ ಟೂ ಫೈಟಿಂಗ್?”

ನನ್ನ ಹೆಂಡತಿ ಅವಳ ಸೆರಗು ಸರಿಮಾಡುತ್ತ ಹೇಳಿದಳು, “ಬಾಲ ನೋಡೇ. ಒಂದಕ್ಕೊಂದು ಹೆಣ್ಕೊಂಡಿವೆ.”

ನಾನು ಎದುರುಬದುರು ಕೂರಿಸಿದ್ದಾಗ ಆ ಬಾಲಗಳು ಬೇರೆಯಾಗಿದ್ದವು.