ತೊಲೆ ಎಲ್ಲಿದೆ ಎಂದು ಕೇಳಿದವರು

ನಮ್ಮ ನಾಟಕದ ಮಾಸ್ತರರ ಬಲಗಾಲು ಸುಮ್ಮನಿದ್ದದ್ದೇ ಅಪರೂಪ. ಕಾಲಿನಿಂದ ಗಾಳಿ ಹಾಕುವ ಹಾರ್ಮೋನಿಯಂ ತುಳಿದು ತುಳಿದು ರೂಢಿಯಾದ ಕಾಲು. ಚಹಾದಂಗಡಿಯಲ್ಲಿ ಕೂತರೂ, ತಾಳಿಕೋಟೆ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತರೂ ನೆಲ ತುಳಿಯುತ್ತಲೇ ಇರುತ್ತಿತ್ತು. ಯಾರಾದರೂ ತಪ್ಪು ಮಾತಾಡಿದರೆ ಮಾತ್ರ ಗಕ್ಕನೆ ನಿಲ್ಲುತ್ತಿತ್ತು.

ತೊಂಬತ್ತರ ದಶಕದ ಕೊನೆ. ಮಸೂತಿ ಊರಿನ ಹತ್ತಿರದ ಹಳ್ಳಿಯವರಾದ ನಾವು ನಾಟಕ ಆಡಬೇಕೆಂದು ಅವರನ್ನು ತಾಳಿಕೋಟೆಯಿಂದ ಕರೆಸಿದ್ದೆವು. ನಾನು ಗೌಂಡಿ. ಸಾಲಿ ಅರ್ಧಕ್ಕೆ ಬಿಟ್ಟವನು, ಮುದ್ದೇಬಿಹಾಳದಿಂದ ಸಿಂದಗಿವರೆಗೆ ಮನೆ ಕಟ್ಟಿದವನು. ನನ್ನ ಗೋಡೆಗೆ ಯಾರು ಬೇಕಾದರೂ ಓಳಂಬದ ಗುಂಡು ಇಳಿಬಿಟ್ಟು ನೋಡಲಿ ಎಂದು ಇವತ್ತಿಗೂ ಹೇಳುತ್ತೇನೆ.

ಹಿರಿಯ ಮಗನ ಪಾರ್ಟು ನನಗೆ ಬಂತು. ಸತ್ತ ಅಪ್ಪನ ಮುಂದೆ ಕೂತು ಅವನು ಹೇಳಬೇಕು: "ಅಪ್ಪಾ, ನೀನೇ ಈ ಮನೆಯ ತೊಲೆ. ಇಂದು ತೊಲೆ ಮುರಿಯಿತು!" ನಾನು ಗಟ್ಟಿಯಾಗಿ ಹೇಳಿದೆ, ಹೇಳುತ್ತಲೇ, ತಾಲೀಮು ನಡೆದಿದ್ದ ಸಾಲಿಯ ಮಾಳಿಗೆಯ ತೊಲೆ ನೋಡಿದೆ. ಕೆಲಸದ ಕಣ್ಣು, ತೊಲೆ ಅಂದಕೂಡಲೇ ಮೇಲೆ ಹೋಯಿತು.

"ಅಪ್ಪ ಸತ್ತಾನ, ಇಂವಾ ಮಾಳಿಗಿ ರಿಪೇರಿ ನೋಡಾಕತ್ತಾನ!" ಎಂದು ತಮ್ಮನ ಪಾರ್ಟು ಮಾಡುತ್ತಿದ್ದ ಗೆಳೆಯ ಕೂಗಿದ. ತಾಲೀಮು ನೋಡಲು ಬಂದವರೆಲ್ಲ ಬಿದ್ದು ಬಿದ್ದು ನಕ್ಕರು. ಮರುದಿನವೂ ಅದೇ ಆಯಿತು. ಬಾಗೇವಾಡಿಗೆ ಕಾಲೇಜಿಗೆ ಹೋಗುವವನೊಬ್ಬ ಆ ಪಾರ್ಟಿಗೆ ಕಾದು ಕೂತಿದ್ದ.

"ಸಾಲಿ ಕಲಿತಾವಗ ಕೊಡೂಣ್ರಿ ಮಾಸ್ತರ್ರ. ಓದಿದ್ದು ತಿಳೀಬೇಕಲ್ಲ," ಎಂದರು ಹಿರಿಯರು.

ಪಾರ್ಟು ಹೋದರೆ ಹೋಗಲಿ. ಆದರೆ ಗೌಂಡಿಗೆ ಓದಿದ್ದು ತಿಳಿಯುವುದಿಲ್ಲ ಎಂಬ ಮಾತು ಊರಲ್ಲಿ ನಿಂತುಬಿಡುತ್ತದಲ್ಲ, ಅದು ನನಗೆ ನುಂಗಲಾರದ ತುತ್ತಾಯಿತು.

ಮಾಸ್ತರರ ಕಾಲು ನಿಂತಿತು. "ಒಂದು ವಾರ ತಡೀರಿ," ಅಂದರು.

ಮರುದಿನ ಮಧ್ಯಾಹ್ನ ಮಾಸ್ತರರು ನಮಾಜು ಮುಗಿಸಿ, ನಾನು ಗೋಡೆ ಕಟ್ಟುವಲ್ಲಿಗೇ ಬಂದು ಕಲ್ಲಿನ ಮೇಲೆ ಕೂತರು.

"ಉಪಮೇಯ, ಉಪಮಾನ ಕೇಳಿಯೇನೋ ತಮ್ಮಾ?"

"ಸಾಲ್ಯಾಗ ಕೇಳೇನ್ರಿ. ಬೆನ್ನಿಗಿ ನೆನಪೈತಿ, ತಲಿಗಿ ಇಲ್ಲ."

ನಕ್ಕರು. "ಉಪಮೇಯ ಅಂದ್ರ ಮನಿ ಯಜಮಾನ. ಮಾತು ಅವಂದ. ಉಪಮಾನ ಅಂದ್ರ ಮನಿಗಿ ಬರೂ ನೆಂಟ, ಬೀಗ. ಯಜಮಾನನ ದೊಡ್ಡಸ್ತನ ತೋರ್ಸಾಕ ಹೊರಗಿಂದ ಕರಸ್ತೀವಿ. 'ಅಪ್ಪ ತೊಲೆಯಂತೆ' ಅಂದ್ರ ಉಪಮೆ. ಆ 'ಅಂತೆ' ಬಾಗಲದಾಗ ನಿಂತು, ಇಂವಾ ಯಜಮಾನ, ಇಂವಾ ಬೀಗ ಅಂತ ಹೇಳ್ತೈತಿ. ನಿನ್ನ ಮಾತಿನ್ಯಾಗ 'ಅಂತೆ' ಐತೇನು?"

"ಇಲ್ರಿ."

"ಅಂದ್ರ ಬೀಗನ ಒಳಗ ಬಂದು ಯಜಮಾನ ಆಗಿ ಕುಂತಾನ! ಅದ ರೂಪಕ. ಅಪ್ಪ ಬ್ಯಾರೆ, ತೊಲಿ ಬ್ಯಾರೆ ಅನ್ನೂದು ಉಳೀಲಿಲ್ಲ. ಈಗ ಹೇಳು, ತೊಲಿ ಎಲ್ಲೈತಿ?"

ಕೈಯಲ್ಲಿದ್ದ ಕಲ್ಲು ಕೈಯಲ್ಲೇ ಉಳಿಯಿತು. "ನನ್ನ ಮುಂದ ಬಿದ್ದೈತ್ರಿ," ಅಂದೆ.

ಅವರ ಕಾಲು ಮತ್ತೆ ನೆಲ ತುಳಿಯತೊಡಗಿತು.

ನಾಟಕದ ದಿನ ಅಪ್ಪನ ಪಾರ್ಟಿನವನು ಮುಂದೆ ಮಲಗಿದ್ದ. ಅವನನ್ನೇ ನೋಡುತ್ತ ಆ ಮಾತು ಹೇಳಿದೆ. ಒಬ್ಬರೂ ನಗಲಿಲ್ಲ. ಸತ್ತವನೇ ಗಾಬರಿಯಾಗಿ ಒಮ್ಮೆ ಕಣ್ಣು ತೆರೆದ. ಪಕ್ಕದಲ್ಲಿ ಮಾಸ್ತರರ ಕಾಲು ನಿಲ್ಲದೆ ನಡೆದಿತ್ತು.

ಅಂದಿನಿಂದ ನಾನು ಯಾವ ಪದ್ಯಕ್ಕೂ ಹೆದರಿಲ್ಲ. ವಚನವಿರಲಿ, ತತ್ವಪದವಿರಲಿ, ಯಜಮಾನ ಯಾರು, ಬೀಗ ಯಾರು ಎಂದು ಮೊದಲು ಕೇಳುತ್ತೇನೆ. ಪದ್ಯ ತಾನೇ ಬಾಗಿಲು ತೆರೆಯುತ್ತದೆ. ಸಾಲಿ ಕೊಡದೇ ಇದ್ದದ್ದನ್ನು ಆ ಮನುಷ್ಯ ಕಲ್ಲಿನ ಮೇಲೆ ಕೂತು ಕೊಟ್ಟರು.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ನಾಟಕದವರೆಲ್ಲ ತಾಳಿಕೋಟೆಗೆ ಹೋಗಿ, ಖಬರಸ್ತಾನದಲ್ಲಿ ಹಿಡಿ ಹಿಡಿ ಮಣ್ಣು ಹಾಕಿದೆವು. "ನಮ್ಮ ತೊಲಿ ಮುರೀತಪಾ," ಎಂದು ಯಾರೋ ನಿಟ್ಟುಸಿರು ಬಿಟ್ಟರು. ತಮ್ಮನ ಪಾರ್ಟಿನ ಗೆಳೆಯ, ಆ ದುಃಖದಲ್ಲೂ, ನಾನು ಮೇಲೆ ನೋಡುತ್ತೇನೇನೋ ಎಂದು ಹಳೆಯ ರೂಢಿಯಿಂದ ನನ್ನ ಮುಖ ನೋಡಿದ.

ನಾನು ಆ ಹಸಿ ಮಣ್ಣನ್ನೇ ನೋಡುತ್ತ ನಿಂತಿದ್ದೆ.