ಬಾಲದ ಫ್ಯಾನು, ಮಾಮಾನ ಹಲ್ಲು

ವಾಯುಸೇನೆಯಲ್ಲಿ ಹೆಲಿಕಾಪ್ಟರ್ ರಿಪೇರಿ ಮಾಡಿ ನಿವೃತ್ತನಾಗಿ ಸೇಡಂಗೆ ಮರಳಿದ ನನಗೆ ಸರ್ಕಾರ ವಹಿಸಿದ ಏಕೈಕ ಘನಕಾರ್ಯವೆಂದರೆ, ಚಿಂಚೋಳಿಗೆ ಮಂತ್ರಿಗಳು ಹಾರಿಬರುವ ದಿನ ಮೈದಾನ ಕಾಯುವುದು. ಮೊದಲ ಹಾರ ಹಾಕುವ ಹಕ್ಕು ಅಕ್ಕನ ಗಂಡನದು. ತೊಗರಿ ವ್ಯಾಪಾರಿ, ಊರಿಗೆ ಹಿರಿಯರು, ನನಗೆ ಮಾಮಾ.

ಕಾಯುತ್ತ ಕೂತಾಗ ಕೇಳಿದರು: "ಹೆಲಿಕಾಪ್ಟರ್ ಬಾಲದಾಗ ಆ ಸಣ್ಣ ಫ್ಯಾನ್ ಯಾಕೋ?"

"ಮ್ಯಾಲಿನ ರೆಕ್ಕಿ ಒಂದು ಕಡಿ ತಿರುಗಿದ್ರ ಹೊಟ್ಟಿ ಇನ್ನೊಂದು ಕಡಿ ತಿರುಗ್ತದರಿ. ಅದನ್ನ ಹಿಡಿಲಿಕ್ಕೆ ಆ ಫ್ಯಾನು. ಇಂಜಿನ್ ಶಕ್ತಿ ತಿಂತದ, ನೆಲದ ಮ್ಯಾಲ ಮಂದಿನೂ ತಿಂತದ."

"ಅದಿಲ್ಲದ್ದು ಸಿಗಂಗಿಲ್ಲೇನು?"

"ಸಿಗ್ತಾವರಿ. ಒಂದರ ಮ್ಯಾಲೊಂದು ಎರಡು ರೆಕ್ಕಿ, ಒಂದಕ್ಕೊಂದು ಉಲ್ಟಾ ತಿರುಗ್ತಾವ. ಇಕ್ಕಟ್ಟಿನಾಗೂ ಇಳಿತದ, ಆದ್ರ ನಡುವಿನ ಯಂತ್ರ ಭಾಳ ತೊಡಕು, ಇಳಿಯೋವಾಗ ಮೂತಿ ಲಗೂನ ತಿರುಗಂಗಿಲ್ಲ. ಮುಂದೊಂದು ಹಿಂದೊಂದು ಇದ್ದದ್ದು ಭಾರ ಎತ್ತತದ; ಹಿಂದಿನ ರೆಕ್ಕಿಗಿ ಮಾತ್ರ ಮುಂದಿನದು ಕದಡಿದ ಗಾಳಿನೇ ಗತಿ. ಇವತ್ತು ಬರಾಕತ್ತಿದ್ದು ಬಾಲದ್ದು. ಹಗುರ, ಚುರುಕು. ಹಿಂದ ಹೋಗಬ್ಯಾಡ್ರಿ."

ಮಾಮಾ ತಲೆಯಾಡಿಸಿದರು. ಒಪ್ಪಿಗೆಗೂ ನಿರ್ಲಕ್ಷ್ಯಕ್ಕೂ ಅವರು ಒಂದೇ ತಲೆ ಬಳಸುತ್ತಾರೆ.

ಹೆಲಿಕಾಪ್ಟರ್ ಇಳಿಯುತ್ತಲೇ ಗಾಳಿ ಪೆಂಡಾಲನ್ನು ಹರಿದುಹಾಕಿತು. ತಗಡೊಂದು ಹಾರಿ ಪೇದೆಯೊಬ್ಬನ ಕಿವಿ ಸೀಳಿತು. ಕಲ್ಲಿನ ಚೂರುಗಳು ಮುಖಕ್ಕೆ ಬಡಿದು, ಸ್ವಾಗತ ಸಮಿತಿ ಸಾಮೂಹಿಕವಾಗಿ ಸಾಷ್ಟಾಂಗ ಬಿತ್ತು. ಮಂತ್ರಿಗಳ ಬಾಗಿಲು ಆಚೆ ಬದಿಗೆ ತೆರೆಯಿತು. ದೊಡ್ಡವರ ಮುಂದೆ ಅಡ್ಡ ಹಾಯಬಾರದೆಂಬ ಸಂಸ್ಕಾರವುಳ್ಳ ಮಾಮಾ, ಹಾರ ಎತ್ತಿಕೊಂಡು ಹೆಲಿಕಾಪ್ಟರಿನ ಹಿಂದಿನಿಂದ ಬಳಸಿ ಹೊರಟರು. ರಭಸದಲ್ಲಿದ್ದ ಬಾಲದ ಫ್ಯಾನು ಕಣ್ಣಿಗೆ ಕಾಣುತ್ತಿರಲಿಲ್ಲ.

ಕೂಗಿದೆ, ನನಗೇ ಕೇಳಲಿಲ್ಲ. ಓಡಿ ಹೋಗಿ ಮಾಮಾನ ಮೊಣಕಾಲಿಗೆ ಒದ್ದೆ. ಬಿದ್ದರು, ಎದ್ದರು, ನನ್ನ ಮೂಗಿಗೆ ಗುದ್ದಿ ಮತ್ತೆ ಎರಡು ಹೆಜ್ಜೆ ಇಟ್ಟರು. ಈ ಸಲ ಕುತ್ತಿಗೆ ಹಿಡಿದು ಮುಖವನ್ನು ನೆಲಕ್ಕೆ ಬಡಿದೆ. ಹಲ್ಲು ಮುರಿದದ್ದು ನನ್ನ ಅಂಗೈಗೆ ತಿಳಿಯಿತು. ಅವರ ಕೈಯಿಂದ ಹಾರಿದ ಹಾರವನ್ನು ಫ್ಯಾನು ಕತ್ತರಿಸಿ ನಮ್ಮಿಬ್ಬರ ಮೇಲೆ ಉಗುಳಿತು. ಹಿರಿಯರ ಮೇಲೆ ಹಲ್ಲೆಯೆಂದು ತಿಳಿದ ಪೊಲೀಸರು ಲಾಠಿಯಿಂದ ನನ್ನ ಭುಜದ ಎಲುಬು ಮುರಿದರು. ಕರ್ತವ್ಯನಿಷ್ಠೆಯಲ್ಲಿ ಆ ದಿನ ಯಾರೂ ಕಡಿಮೆ ಬೀಳಲಿಲ್ಲ.

ಆಸ್ಪತ್ರೆಯಲ್ಲಿ ನಮ್ಮಿಬ್ಬರಿಗೂ ಅಕ್ಕಪಕ್ಕದ ಮಂಚ. ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. "ಬಾಯಿಲೆ ಹೇಳಾಕ ಬರ್ತಿರಲಿಲ್ಲೇನು?"

"ಹೇಳಿದ್ದ," ಎಂದರು ಮಾಮಾ, ಬಾಯಿಯ ಹತ್ತಿ ತೆಗೆದು. "ನಾನೇ ಕೇಳಲಿಲ್ಲ." ಆಮೇಲೆ ನನ್ನತ್ತ ಹೊರಳಿದರು. "ಖರೆ ಹೇಳು. ಎರಡನೇ ಸಲ ಬಡದೆಲ್ಲ, ನಿನ್ನ ಲಗ್ನದಾಗ ನಾ ಊಟ ಬಿಟ್ಟು ಎದ್ದು ಹೋಗಿದ್ದಕ್ಕ ಸಿಟ್ಟಿತ್ತೇನು?"

"ಒಂದೀಟು ಇತ್ತರಿ, ಮಾಮಾ."